ಮರಳುಗಾಡಿನ ಸೈಕಲ್

"ಹೆಜ್ಜೆಗುರುತು ನೋಡೋಕೆ ಇಷ್ಟು ಹೊತ್ತಾ? ಈ ಪೊಲೀಸಪ್ಪ ಶುದ್ಧ ದಡ್ಡ ಕಣಮ್ಮ," ಎಂದರು ನಿವೃತ್ತ ಇನ್ಸ್‌ಪೆಕ್ಟರ್ ಸಾಹೇಬರು.

ಓದುವಾಕೆ ನಿಲ್ಲಿಸಿದಳು. ಸಾಹೇಬರ ಎರಡೂ ಕಣ್ಣಿಗೆ ಆಪರೇಷನ್ ಆಗಿ ಪಟ್ಟಿ ಕಟ್ಟಿತ್ತು. ಸುಮ್ಮನೆ ಮಲಗಿದರೆ ಮನೆಯವರ ಮೇಲೆಲ್ಲ ಎಗರಾಡುತ್ತಾರೆಂದು ಸೊಸೆ ಈಕೆಯನ್ನು ಗೊತ್ತು ಮಾಡಿದ್ದಳು. ಆಸ್ಪತ್ರೆಯಲ್ಲಿ ಪರಿಚಯವಾದ ಹೆಂಗಸು, ಮೆಲುದನಿ. ಲೈಬ್ರರಿಯಿಂದ ಪತ್ತೇದಾರಿ ಕಾದಂಬರಿ ತಂದಿದ್ದಳು. ಅಮೆರಿಕದ ಕೆಂಪು ಮರಳುಗಾಡು, ಒಂದು ಕೊಲೆ, ಅದರ ಬೆನ್ನು ಹತ್ತಿದ ಅಲ್ಲಿನ ಬುಡಕಟ್ಟಿನ ಪೊಲೀಸ್.

"ಅನುಮಾನ ಇದ್ದವನನ್ನ ಎಳ್ಕೊಂಡು ಬಂದು ಎರಡು ಬಿಟ್ರೆ ಆಯ್ತು. ತಾನಾಗಿ ಬಾಯಿ ಬಿಡ್ತಾನೆ."

"ಬಿಡದೇ ಇದ್ರೆ ಸರ್?"

"ಬಿಡದವನನ್ನ ನಾನಂತೂ ನೋಡಿಲ್ಲ. ನೀನು ಓದು. ಪುಟ ಮೆಲ್ಲಗೆ ತಿರುಗಿಸು, ಕಿವಿ ಮೇಲೆ ಹೊಡೆದ ಹಾಗಾಗುತ್ತೆ."

ಮೊದಮೊದಲು ಅವಳ ಓದು ಕುಂಟುತ್ತಿತ್ತು. ಅಲ್ಲಿನ ಊರು, ಬೆಟ್ಟಗಳ ಹೆಸರು ಬಂದರೆ ನಾಲಿಗೆ ತೊಡರುತ್ತಿತ್ತು. ಸಾಹೇಬರು ಗೊಣಗುತ್ತಿದ್ದರು. ಆದರೆ ಆ ಪೊಲೀಸು ಮೆಲ್ಲಮೆಲ್ಲಗೆ ಹಿಡಿಸತೊಡಗಿದ. ಅವನು ಕೈ ಎತ್ತುವುದಿಲ್ಲ, ದನಿ ಎತ್ತುವುದಿಲ್ಲ. ಯಾರದೋ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎದುರಿನವನು ಮಾತಾಡುವವರೆಗೂ ಕಾಯುತ್ತಾನೆ. ಅಬ್ಬಾ, ಎಂಥ ತಾಳ್ಮೆ! ಬೆಳಗಿನ ಕಾಫಿ ಕುಡಿದ ಕೂಡಲೇ ಸಾಹೇಬರು ಬಾಗಿಲ ಕಡೆ ಕಿವಿ ಇಡತೊಡಗಿದರು.

ಓದು ಕೂಡ ಸುಧಾರಿಸಿತು. ಈಗ ಎಲ್ಲೂ ತಡವರಿಕೆಯಿಲ್ಲ, ಪುಟ ತಿರುವಿದ ಸದ್ದೂ ಇಲ್ಲ. ಹೇಳಿದ ಮಾತು ಕೇಳುವ ಹೆಂಗಸು ಎಂದು ಸಾಹೇಬರು ಮೆಚ್ಚಿಕೊಂಡರು.

ಕಥೆ ತಿರುಗಿದ್ದು ಆಮೇಲೆ. ಒಬ್ಬ ತರುಣನನ್ನು ಯಾರೋ ಅಧಿಕಾರಿ ವಿಚಾರಣೆಗೆಂದು ಕರೆದುಕೊಂಡು ಹೋದ. 'ಸಂಜೆಯೇ ಬಿಟ್ಟು ಕಳಿಸಿದೆವು' ಎಂದ. ತರುಣ ಮನೆ ಮುಟ್ಟಲೇ ಇಲ್ಲ. ಸೇತುವೆಯ ಕೆಳಗೆ ಅವನ ಸೈಕಲ್ ಮಾತ್ರ ಸಿಕ್ಕಿತು.

"ಮರಳುಗಾಡಲ್ಲಿ ಸೇತುವೆ ಎಲ್ಲಿಂದ ಬಂತು?" ಸಾಹೇಬರು ತಟ್ಟನೆ ಕೇಳಿದರು.

"ಮಳೆ ಬಂದಾಗ ಮಾತ್ರ ಹರಿಯೋ ಹೊಳೆ ಸರ್. ಸೈಕಲ್ಲಿನ ಬೆಲ್ಲಿಗೆ ಕೆಂಪು ರಿಬ್ಬನ್ ಕಟ್ಟಿತ್ತು. ಅವನ ತಂಗಿ ಕಟ್ಟಿದ್ದು."

ಸಾಹೇಬರು ಹಾಸಿಗೆಯ ಮೇಲೆ ಎದ್ದು ಕೂತರು. ಆ ರಿಬ್ಬನ್ನನ್ನು ಅವರು ಕಂಡಿದ್ದರು. ಆ ಸೈಕಲ್ಲನ್ನು ಸೇತುವೆಯ ಕೆಳಗೆ ತಳ್ಳಿದವರೇ ಅವರು. ಠಾಣೆಯ ಹಿಂದಿನ ಕೋಣೆಯಲ್ಲಿ ಏಟು ಮಿತಿ ಮೀರಿತ್ತು, ಹುಡುಗನ ಉಸಿರು ನಿಂತಿತ್ತು. ಆಗ ಜೊತೆಗಿದ್ದವನು ಒಬ್ಬನೇ ಪೇದೆ. ಯಾವ ಕಾಲಕ್ಕೂ ಬಾಯಿ ಬಿಡದವನೆಂದು ಠಾಣೆಯವರೆಲ್ಲ ಅವನನ್ನು ಮೂಗ ಎಂದೇ ಕರೆಯುತ್ತಿದ್ದರು.

ಆ ಮೂಗನೇ ಬಾಯಿ ಬಿಟ್ಟಿದ್ದಾನೆ. ಯಾರೋ ಬರಹಗಾರನಿಗೆ ಕಥೆ ಮಾರಿಕೊಂಡಿದ್ದಾನೆ, ಅವನು ಅದಕ್ಕೆ ಮರಳುಗಾಡಿನ ವೇಷ ಹಾಕಿದ್ದಾನೆ. ಉಂಡ ಮನೆಗೆ ಎರಡು ಬಗೆದ ನಾಯಿ! ಸಾಹೇಬರ ಮೈಯೆಲ್ಲ ಉರಿಯಿತು. ಅವನ ಹುಟ್ಟಡಗಿಸದೆ ಬಿಡಬಾರದು.

"ಮುಂದೆ ಏನಾಗುತ್ತೆ?"

"ಆ ಪೊಲೀಸು ಅಧಿಕಾರಿಯ ಮನೆಗೇ ಬಂದು ಕೂತಿದ್ದಾನೆ ಸರ್. ಹೊಡೆಯಲ್ಲ, ಬೈಯಲ್ಲ. ಮಣ್ಣು ಮಾಡೋಕಾದ್ರೂ ಹುಡುಗ ಸಿಗಬೇಕು ಅಂತ ಅವನ ತಾಯಿ ಇನ್ನೂ ಕಾಯ್ತಿದ್ದಾಳಂತೆ. ಎಲ್ಲಿದ್ದಾನೆ ಅನ್ನೋದೊಂದು ಗೊತ್ತಾದ್ರೆ ಸಾಕು, ಉಳಿದ ಲೆಕ್ಕ ಆಮೇಲೆ ಚುಕ್ತಾ ಮಾಡ್ತೀನಿ ಅಂತಾನೆ."

"ಸಾಕು ನಿಲ್ಲಿಸು. ನನ್ನ ಫೋನಲ್ಲಿ ಮೂಗ ಅಂತ ಒಂದು ನಂಬರಿದೆ, ಹಚ್ಚಿಕೊಡು. ಹೊರಗೆ ಹೋಗಿ ನೀರು ತಗೊಂಡು ಬಾ. ಬಾಗಿಲು ಎಳ್ಕೋ."

ಫೋನು ಕೈಗೆ ಬಂತು. ಹೆಜ್ಜೆಗಳು ದೂರವಾದವು, ಬಾಗಿಲು ಮುಚ್ಚಿದ ಸದ್ದಾಯಿತು. ಸಾಹೇಬರು ಹಲ್ಲು ಕಚ್ಚಿ ಮಾತಾಡಿದರು.

"ಎಷ್ಟಕ್ಕೆ ಮಾರ್ಕೊಂಡೆಯೋ?"

"ಏನನ್ನ ಸಾರ್?"

"ನಾಟಕ ಬೇಡ. ಇವತ್ತು ಪುಸ್ತಕದಲ್ಲಿ ಸೈಕಲ್ ಬಂದಿದೆ, ನಾಳೆ ಹಳೇ ಇಟ್ಟಿಗೆ ಗೂಡಿನ ಬಾವಿನೂ ಬರುತ್ತೆ. ಅವನು ಆ ಬಾವಿಯೊಳಗಿದ್ದಾನೆ ಅಂತ ನಿನಗೂ ನನಗೂ ಬಿಟ್ರೆ ಯಾರಿಗೆ ಗೊತ್ತು? ಕಲ್ಲು ಎತ್ತಿ ಹಾಕಿದ್ದು ನಾವಿಬ್ಬರೇ ತಾನೇ?"

"ದೇವರಾಣೆ ಸಾರ್, ಇವತ್ತಿನವರೆಗೂ ಯಾರ ಹತ್ರಾನೂ ಉಸಿರೆತ್ತಿಲ್ಲ."

"ಕಣ್ಣಿನ ಪಟ್ಟಿ ಬಿಚ್ಚಲಿ ಮಗನೇ, ನಿನ್ನ ಚರ್ಮ ಸುಲೀತೀನಿ."

ಫೋನನ್ನು ಹಾಸಿಗೆಯ ಮೇಲೆ ಒಗೆದು ಸಾಹೇಬರು ಏದುಸಿರು ಬಿಟ್ಟರು. ನೀರಿನ ಲೋಟ ಕೈಗೆ ತಾಗಿತು. ಸಿಟ್ಟಿನಲ್ಲಿದ್ದ ಅವರಿಗೆ ಬಾಗಿಲು ತೆರೆದದ್ದು ಕೇಳಿಸಿರಲಿಲ್ಲ.

"ನಾನು ಹೊರಡ್ತೀನಿ ಸರ್," ಎಂದಳು ಓದುವಾಕೆ.

"ಕಥೆ ಇನ್ನೂ ಇದೆಯಲ್ಲ?"

"ಇಲ್ಲ ಸರ್. ಪೊಲೀಸಿಗೆ ಬೇಕಾದದ್ದು ಸಿಕ್ತು."

ಅವಳು ಹೋದ ಮೇಲೆ ಸಾಹೇಬರು ಸೊಸೆಯನ್ನು ಕೂಗಿದರು. ಬರಹಗಾರನನ್ನು ಆಮೇಲೆ ವಿಚಾರಿಸಿಕೊಳ್ಳಬಹುದು, ಮೊದಲು ಆ ಪುಸ್ತಕ ಮನೆಯಲ್ಲಿ ಇರಬಾರದು.

"ಆ ಪೊಲೀಸ್ ಪುಸ್ತಕ ತಗೊಂಡು ಹೋಗಿ ಸುಟ್ಟುಹಾಕು."

"ಯಾವುದು ಮಾವ, ಮರಳುಗಾಡಿಂದಾ?" ಎಂದಳು ಸೊಸೆ. "ಅದು ಮುಗೀತು ಅಂತ ಹೋದ ವಾರವೇ ಲೈಬ್ರರಿಗೆ ವಾಪಸ್ ಕೊಟ್ಟಾಯ್ತಲ್ಲ. ಆವಾಗಿಂದ ಆಕೆ ಬರಿಗೈಲೇ ಕೂತು ಹೇಳ್ತಿದ್ರು. ಕೇಳಿದ್ರೆ, ಇದು ನಮ್ಮ ಅಣ್ಣನ ಕಥೆ, ಕೊನೆ ಮಾತ್ರ ನಿಮ್ಮ ಮಾವನಿಗೇ ಗೊತ್ತು ಅಂದ್ರು."