ಓಡುವವನ ಮುಖ

ಗುರುತು ಹಿಡಿಸಲು ಸಾಲಿನಲ್ಲಿ ನಿಲ್ಲಿಸುವ ಹಿಂದಿನ ದಿನವೇ ಪೊಲೀಸರು ಹಿಡಿದಿದ್ದ ಯುವಕನ ಫೋಟೊವನ್ನು ಸಾಕ್ಷಿಗೆ ತೋರಿಸಲಾಗಿತ್ತು.

ಸಾಕ್ಷಿಯೆಂದರೆ ಹರಿದ ಬಟ್ಟೆಗೆ ರಫು ಹಾಕುವ ಹೆಂಗಸು. ಅವಳ ಅಂಗಡಿಯ ಬಾಗಿಲಲ್ಲೇ ಯಾರೋ ಅವಳ ತಮ್ಮನ ತಲೆಗೆ ಕಬ್ಬಿಣದ ಸರಳಿನಿಂದ ಹೊಡೆದು ಓಣಿಯಲ್ಲಿ ಓಡಿಹೋಗಿದ್ದ. ತಮ್ಮ ಉಳಿಯಲಿಲ್ಲ. ಓಡಿದವನನ್ನು ಕಂಡವಳು ಅವಳೊಬ್ಬಳೇ. ಇನ್‌ಸ್ಪೆಕ್ಟರು ಮನೆಗೇ ಬಂದು, ಜೇಬಿನಿಂದ ಫೋಟೊ ತೆಗೆದು, "ಇವನೇ ಅಲ್ವೇನಮ್ಮಾ? ನಿಧಾನವಾಗಿ ನೋಡಿ" ಎಂದಿದ್ದರು. ಅವಳು ನೋಡಿದ್ದಳು. ಅವರು ಅದನ್ನು ಜೇಬಿಗೆ ಹಾಕಿಕೊಂಡು ಹೋದ ಮೇಲೂ ನೋಡುತ್ತಲೇ ಇದ್ದಳು, ಕಣ್ಣು ಮುಚ್ಚಿಕೊಂಡು.

ಈಗ ಠಾಣೆಯ ಗಾಜಿನಾಚೆ ಗಂಡಸರು ಸಾಲಾಗಿ ನಿಂತಿದ್ದರು. ಅವರ ನಡುವೆ ಅವನು! ಕಂಡದ್ದೇ ತಡ ಅವಳು ಒಂದು ಹೆಜ್ಜೆ ಮುಂದಿಟ್ಟಳು. ತೋರುಬೆರಳು ತಾನಾಗಿ ಮೇಲೆದ್ದಿತು.

"ತೋರಿಸಿ ಅತ್ತಿಗೆ, ಇನ್ನೇನು ಯೋಚನೆ?" ತಮ್ಮನ ಹೆಂಡತಿ ಅವಳ ಮೊಣಕೈ ಹಿಡಿದುಕೊಂಡಳು. "ಇವನು ನೇಣಿಗೆ ಹೋಗೋದನ್ನ ನಾನು ನೋಡಬೇಕು."

ಖಾತ್ರಿ ಮಾಡಿಕೊಳ್ಳಲು ಅವಳು ಇನ್ನೊಮ್ಮೆ ಕಣ್ಣು ಮುಚ್ಚಿದಳು. ಓಣಿ ಬಂತು. ಬೀದಿದೀಪ ಬಂತು. ಓಡುವವನು ಬಂದ. ಭುಜದ ಹೊಲಿಗೆ ಬಿಚ್ಚಿದ ಅಂಗಿ, ಬೆನ್ನು ಇತ್ತ, ಕಾಲು ಅತ್ತ. ಮುಖ ಮಾತ್ರ ನೆಟ್ಟಗೆ ಇವಳ ಕಡೆಗೇ. ಬಾಚಿದ ತಲೆ, ಬಿಗಿದ ತುಟಿ, ಕತ್ತಿನವರೆಗೂ ಗುಂಡಿ ಹಾಕಿದ ಕಾಲರು. ಅದರ ಹಿಂದೆ ಓಣಿಯಿಲ್ಲ, ಸ್ಟುಡಿಯೋದ ನೀಲಿ ಪರದೆ.

ಬೆಚ್ಚಿ ಕಣ್ಣು ಬಿಟ್ಟಳು. ತೂತು ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ, ಸಿಕ್ಕ ಎಳೆ ಹಿಡಿದು ಮುಚ್ಚಿಬಿಡುತ್ತದೆ. ಅವಳ ಕಣ್ಣೂ ಅದೇ ಕಸುಬು ಮಾಡಿತ್ತು. ಎಳೆ ಮಾತ್ರ ಬೇರೆಯವರದು.

"ಓಡೋನು ಯಾರಾದ್ರೂ ಕ್ಯಾಮೆರಾ ನೋಡ್ಕೊಂಡು ಓಡ್ತಾನಾ ಸಾರ್?" ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರನ್ನು ಕೇಳಿದಳು.

"ಏನಮ್ಮಾ, ಒಗಟು ಹೇಳ್ತಿದ್ದೀರಾ?"

"ನಾನು ಕಂಡಿದ್ದು ಬೆನ್ನು. ಮುಖ ನೀವು ಕೊಟ್ಟಿದ್ದು."

"ಅತ್ತಿಗೆ! ಸತ್ತಿರೋದು ನಿಮ್ಮ ಒಡಹುಟ್ಟಿದವರು. ನಿಮಗೇನು ತಲೆ ಕೆಟ್ಟಿದ್ಯಾ?"

"ಅದಕ್ಕೇ ಕಣೇ. ನನಗೆ ಹೊಡೆದವನು ಬೇಕು, ಸಿಕ್ಕಿದವನಲ್ಲ."

ಇನ್‌ಸ್ಪೆಕ್ಟರ ದನಿ ಗಡುಸಾಯಿತು. "ಪುರಾಣ ಸಾಕು. ನೀವು ನೋಡಿದ ಮುಖ ಎಲ್ಲಿದೆ, ಬೆರಳು ಮಾಡಿ ತೋರಿಸಿ. ನಿಮ್ಮ ಕೆಲಸ ಅಷ್ಟೇ."

ಅವಳು ಗಾಜಿಗೆ ಬೆನ್ನು ಹಾಕಿದಳು. ಸೂಜಿ ಚುಚ್ಚಿಸಿಕೊಂಡು ಜಡ್ಡುಗಟ್ಟಿದ ಬೆರಳನ್ನೆತ್ತಿ ಇನ್‌ಸ್ಪೆಕ್ಟರ ಅಂಗಿಯ ಜೇಬಿನ ಮೇಲೆ ಒತ್ತಿ ಹಿಡಿದಳು.

"ಇಲ್ಲಿ."