ಮಹಿಳಾ ಕಾಲೇಜಿನ ತಂಡ

ಪ್ರೌಢಶಾಲೆಯಲ್ಲಿ ರಾಜ್ಯಮಟ್ಟದ ಬ್ಯಾಸ್ಕೆಟ್‌ಬಾಲ್ ಆಡಿ ಹೆಸರಾಗಿದ್ದ ಹುಡುಗಿಯನ್ನು ಆ ಮಹಿಳಾ ಕಾಲೇಜು ಹಾರ ಹಾಕಿ ಸೇರಿಸಿಕೊಂಡಿತ್ತು. ಅಂದಿನಿಂದ ಪ್ರತಿ ಸಂಜೆ ಅವಳು ಅಂಕಣದಲ್ಲಿ ಒಬ್ಬಳೇ ಚೆಂಡೆಸೆದು, ತಾನೇ ಓಡಿ ಎತ್ತಿಕೊಳ್ಳುತ್ತಿದ್ದಳು.

"ಸರ್, ಟೀಮಿನವರು ಯಾವಾಗ ಬರ್ತಾರೆ?"

"ಬರ್ತಾರೆ ಚಾಂಪಿಯನ್ನಮ್ಮ! ತಾಳ್ಮೆ ಕ್ರೀಡಾಪಟುವಿನ ಮೊದಲ ಗುಣ," ಎಂದರು ದೈಹಿಕ ಶಿಕ್ಷಣ ನಿರ್ದೇಶಕರು.

"ಒಬ್ಬಳೇ ಎಷ್ಟೂಂತ ಆಡ್ಲಿ ಸರ್? ಪಾಸ್ ಕೊಡೋಕಾದ್ರೂ ಯಾರಾದ್ರೂ ಬೇಕಲ್ಲ."

ಕಾಲೇಜಿನ ಗುಣಮಟ್ಟವನ್ನು ಪರಿಶೀಲಿಸುವ ಸಮಿತಿಯು ಬಂದ ದಿನ, ತಂಡದ ಹೊಸ ಸಮವಸ್ತ್ರ ತೊಟ್ಟ ಹುಡುಗಿಯರು ಅಂಕಣಕ್ಕೆ ಬಂದು ಸಾಲಾಗಿ ನಿಂತರು. ಅವಳಿಗೆ ಕಣ್ತುಂಬಿ ಬಂತು. ಓಡಿಹೋಗಿ, ನಾಯಕಿಯ ಪಟ್ಟಿ ಧರಿಸಿದ್ದವಳ ಕೈಗೆ ಚೆಂಡನ್ನಿತ್ತಳು.

ಛಾಯಾಗ್ರಾಹಕನು ಕ್ಯಾಮೆರಾ ಎತ್ತುತ್ತಿದ್ದಂತೆ ನಾಯಕಿ ಪಿಸುಗುಟ್ಟಿದಳು: "ಬೇಗ ಹೇಳೇ, ಇದನ್ನ ಹೇಗೆ ಹಿಡ್ಕೋಬೇಕು?"