ಎಡಗೈ ಗಂಟು

ಸಿಂಗಪುರದ ರೈಲಿನಲ್ಲಿ ತನ್ನೂರು ಮೊಳಕಾಲ್ಮೂರಿನ ಸೀರೆ ಕಂಡದ್ದೇ ಪಾಲಾಕ್ಷ ಮುಂದಕ್ಕೆ ಬಾಗಿದ. ಕೈಮಗ್ಗದ ಪ್ರದರ್ಶನಕ್ಕೆ ಒಬ್ಬನೇ ಬಂದವನಿಗೆ ನಾಲ್ಕು ದಿನದಿಂದ ಜನರನ್ನು ನೋಡುವುದೇ ಹೊತ್ತುಗಳೆಯುವ ದಾರಿ. ಈಗ ಮಾತ್ರ ಎದುರು ನಿಂತ ಹೆಂಗಸಿನ ಸೆರಗಿನ ನವಿಲುಗಳಿಂದ ಕಣ್ಣು ಕೀಳಲಾಗಲಿಲ್ಲ. ಒಂದೊಂದೂ ಈಗಷ್ಟೇ ಗರಿ ಕೊಡವಿಕೊಂಡಂತಿತ್ತು. ಮೂವತ್ತು ವರ್ಷ ನೇಯ್ದರೂ ಅವನ ನವಿಲುಗಳು ಕೋಳಿಗಳಂತೆಯೇ ಕಾಣುತ್ತಿದ್ದವು. ಯಾವನು ನೇಯ್ದನೋ ಎಂದು ಊರಿನ ನೇಕಾರರನ್ನೆಲ್ಲ ನೆನೆದು ಹೊಟ್ಟೆ ಉರಿಸಿಕೊಂಡ.

ರೈಲು ವಾಲಿದಾಗ ಸೆರಗು ಮಗುಚಿ ಒಳಮೈ ಕಂಡಿತು. ನೇಯುವಾಗ ಹರಿದ ಎಳೆಗಳಿಗೆ ಹಾಕಿದ ಗಂಟುಗಳೆಲ್ಲ ಎಡಕ್ಕೆ ತಿರುಗಿದ್ದವು. ಎಡಗೈಯಲ್ಲಿ ಗಂಟು ಹಾಕುವವಳು ಅವರ ಬೀದಿಗೆಲ್ಲ ಒಬ್ಬಳೇ, ಅವನ ಹೆಂಡತಿ ಸುನಿತಾ. ಹೋದ ವರ್ಷ ಅವನು ತಿಂಗಳುಗಟ್ಟಲೆ ಜ್ವರದಲ್ಲಿ ಮಲಗಿದ್ದಾಗ ಅವಳೇ ಮಗ್ಗಕ್ಕೆ ಕೂತಿದ್ದಳು. "ಹೆಂಗೋ ಒಂದು ಮುಗಿಸ್ದ್ಯಲ್ಲ ಬಿಡು" ಎಂದು ಅವನು ಸೀರೆಯ ಮಡಿಕೆ ಬಿಚ್ಚಿಯೂ ನೋಡಿರಲಿಲ್ಲ.

ಇಳಿದವನೇ ಮನೆಗೆ ಫೋನು ಮಾಡಿದ. "ಏನ್ ಮಾಡ್ತಿದೀಯ?"

"ನೀವು ಬಂದು ಮಗ್ಗಕ್ಕೆ ಕೂರೋ ಹೊತ್ಗೆ ಇರ್ಲಿ ಅಂತ ನೂಲು ಸುತ್ತಿಡ್ತಾ ಇದೀನ್ರಿ. ಯಾಕೆ?"

ನೀನೇ ಕೂರು ಎನ್ನಲು ಬಾಯಿ ತೆರೆದ.

"ಏನಿಲ್ಲ," ಎಂದ, "ಸಡ್ಲ ಆಗ್ದಂಗೆ ಸುತ್ತು."